ತೂಕಕ್ಕಿಂತ ಮೊದಲು ತೊಡೆಯ ಬಲ

ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಯಾರಾದರೂ ಬಹಳ ದಿನ ಹಾಸಿಗೆ ಹಿಡಿದು ಎದ್ದರೆ, ನೋಡಲು ಬಂದವರು ಹೇಳುವ ಮಾತು ಎರಡೇ. ‘ಛಲೋತ್ನಾಗ ಉಣ್ರಿ’, ‘ಆರಾಮ ತಗೋರಿ’. ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತಿನ ಪೊಟ್ಟಣ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಆರು ತಿಂಗಳು ಬಿಟ್ಟು ಅದೇ ಮನೆಗೆ ಹೋಗಿ ನೋಡಿ. ರೋಗ ಹತೋಟಿಗೆ ಬಂದಿರುತ್ತದೆ, ಗುಳಿಗೆ ತಪ್ಪದೆ ನಡೆದಿರುತ್ತದೆ, ಮನುಷ್ಯ ಮಾತ್ರ ಮಂಚದಿಂದ ಏಳಲು ಗೋಡೆ ಹಿಡಿಯುತ್ತಾನೆ. ಹೊಟ್ಟೆ ಮುಂದೆ ಬಂದಿದೆ, ತೊಡೆ ಸೊರಗಿದೆ. ಮಂಡಿ ನೋವೆಂದು ನಡಿಗೆ ನಿಂತಿತು, ನಡಿಗೆ ನಿಂತದ್ದಕ್ಕೆ ತೂಕ ಏರಿತು, ತೂಕ ಏರಿದ್ದಕ್ಕೆ ಮಂಡಿ ಮತ್ತಷ್ಟು ನೋಯತೊಡಗಿತು.

ಇಂಥವರಿಗೆ ವೈದ್ಯರು ‘ತೂಕ ಇಳಿಸಿ’ ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಹೇಗೆಂದು ವಿವರಿಸಲು ಹೊರರೋಗಿ ವಿಭಾಗದ ಸಾಲು ಅವರಿಗೆ ಪುರುಸೊತ್ತು ಕೊಡುವುದಿಲ್ಲ. ರೋಗಿ ಮನೆಗೆ ಬಂದು ತನಗೆ ಗೊತ್ತಿರುವ ಒಂದೇ ದಾರಿ ಹಿಡಿಯುತ್ತಾನೆ: ರಾತ್ರಿ ಊಟ ಬಿಡುತ್ತಾನೆ. ತಿಂಗಳಿಗೆ ಮೂರ್ನಾಲ್ಕು ಕಿಲೋ ಇಳಿದರೆ ಮನೆಯವರಿಗೆಲ್ಲ ಸಂತೋಷ. ಆದರೆ ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬಲ್ಲ, ಮಾಂಸಖಂಡ. ಕಾಯಿಲೆ ಆಗಲೇ ಕಸಿದುಕೊಂಡಿದ್ದನ್ನು ಉಪವಾಸ ಇನ್ನಷ್ಟು ಕಸಿಯಿತು. ಮುಂದೆ ಊಟ ಮೊದಲಿನಂತಾದಾಗ ತೂಕ ವಾಪಸು ಬರುತ್ತದೆ, ಕೊಬ್ಬಾಗಿ ಬರುತ್ತದೆ. ದೀರ್ಘ ಕಾಯಿಲೆಯಿಂದ ಎದ್ದವರು ಮೊದಲು ಗಳಿಸಬೇಕಾದದ್ದು ಕಾಲಿನ ಶಕ್ತಿ. ತೂಕದ ಲೆಕ್ಕ ಆಮೇಲೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ.

ಇದಕ್ಕೆ ಒಳ್ಳೆಯ ಆಧಾರವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಕಾಯಿಲೆ ಏನೂ ಇಲ್ಲ, ಸುಮ್ಮನೆ ಮಲಗುವುದಷ್ಟೇ. ಮೂರು ವಾರದ ಹೊತ್ತಿಗೆ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಕುಸಿದಿತ್ತು. ದಮ್ಮು ಎಂದು ನಾವು ಹೇಳುತ್ತೇವಲ್ಲ, ಅದರ ಅಳತೆ ಇದೇ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಹುಡುಕಿ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಅವರ ದಮ್ಮಿಗೆ ಮಾಡಿದ ಹಾನಿಗಿಂತ ಅಂದಿನ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ದೊಡ್ಡದಾಗಿತ್ತು. ಅಷ್ಟರಲ್ಲಿ ಅವರ ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು, ಮೈಯ ಕೊಬ್ಬು ಎರಡು ಪಟ್ಟಾಗಿತ್ತು. ಆಗ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ಲು, ಹಂತಹಂತವಾಗಿ. ಆರು ತಿಂಗಳಿಗೆ ತೂಕ ಇಳಿದದ್ದು ಸುಮಾರು ನಾಲ್ಕೂವರೆ ಕಿಲೋ ಮಾತ್ರ. ದಮ್ಮು ಮಾತ್ರ ಇಪ್ಪತ್ತರ ವಯಸ್ಸಿನ ಮಟ್ಟಕ್ಕೆ ಮರಳಿತ್ತು. ಕಾಟಾದ ಮೇಲೆ ಹತ್ತಿ ನೋಡಿ ‘ಏನೂ ಆಗಿಲ್ಲ’ ಎಂದು ಬೇಸರದಿಂದ ನಡಿಗೆ ಬಿಡುವವರು ಈ ಐವರನ್ನು ನೆನೆಯಬೇಕು.

ವಯಸ್ಸಾದವರ ಮಾತು ಇನ್ನೂ ಸೂಕ್ಷ್ಮ. ಅರವತ್ತು ದಾಟಿದ ಆರೋಗ್ಯವಂತರು ಹತ್ತು ದಿನ ಮಲಗಿದರೆ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗುತ್ತದೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜ್ವರ, ಸೋಂಕು, ಶಸ್ತ್ರಚಿಕಿತ್ಸೆ ಸೇರಿದರೆ ನಷ್ಟ ಇನ್ನೂ ಜಾಸ್ತಿ. ಹೋದದ್ದು ಬಾರದೇ ಹೋಗುತ್ತದೆಯೇ? ಇಲ್ಲ. ಬೋಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ ತೊಂಬತ್ತು ವರ್ಷದ, ನಿತ್ರಾಣ ಹಿರಿಯರಿಗೆ ಎಂಟು ವಾರ ತೊಡೆಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇದು ವರದಿಯಾದದ್ದು 1990ರಲ್ಲಿ. ‘ಇನ್ನೇನು ಈ ವಯಸ್ಸಿನಾಗ’ ಎನ್ನುವ ಮಾತಿಗೆ ಅಂದೇ ಉತ್ತರ ಸಿಕ್ಕಿದೆ.

ಎಲ್ಲ ಕಾಯಿಲೆಗೂ ಒಂದೇ ಮಾತು ಅನ್ವಯಿಸುವುದಿಲ್ಲ. ಕ್ಷಯದಿಂದ ಎದ್ದವರು ತೂಕ ಇಳಿಸುವ ಯೋಚನೆಯನ್ನೇ ಮಾಡಬಾರದು. ಅಲ್ಲಿ ತೂಕ ಏರುವುದೇ ಗುಣವಾಗುವ ಗುರುತು. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಚಿಕಿತ್ಸೆಯ ಮೊದಲೆರಡು ತಿಂಗಳಲ್ಲಿ ತೂಕ ಚೆನ್ನಾಗಿ ಏರಿದವರಲ್ಲಿ ಸಾವು ಬಹಳ ಕಡಿಮೆಯಾಗಿತ್ತು. ಸರ್ಕಾರ ಕ್ಷಯರೋಗಿಗಳ ಪೋಷಣೆಗೆ ಕೊಡುವ ತಿಂಗಳ ಹಣವನ್ನು 2024ರ ನವೆಂಬರಿನಲ್ಲಿ 500ರಿಂದ 1,000 ರೂಪಾಯಿಗೆ ಏರಿಸಿದ್ದು ಇದಕ್ಕೇ. ಥೈರಾಯ್ಡ್ ಕೊರತೆಯದು ಬೇರೆ ಕಥೆ. ಮೈ ಭಾರವಾದದ್ದಕ್ಕೆಲ್ಲ ಥೈರಾಯ್ಡನ್ನೇ ಹೊಣೆ ಮಾಡುವುದು ರೂಢಿ, ಆದರೆ ಅದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ನೀರು ಮತ್ತು ಉಪ್ಪು. ಗುಳಿಗೆ ಅಷ್ಟನ್ನು ಇಳಿಸೀತು, ಉಳಿದದ್ದು ನಮ್ಮ ಪಾಲಿನ ಕೆಲಸ. ಸ್ಟೀರಾಯ್ಡ್ ಗುಳಿಗೆ ಮಾತ್ರ ಎರಡೂ ಕಡೆಯಿಂದ ಹೊಡೆಯುತ್ತದೆ: ಮುಖ, ಹೊಟ್ಟೆಗೆ ಕೊಬ್ಬು ತುಂಬುತ್ತದೆ, ತೊಡೆಯ ಖಂಡ ಕರಗಿಸುತ್ತದೆ. ಹಾಗೆಂದು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಸಿಗುವ ಹೆಸರಿಲ್ಲದ ಗಂಟುನೋವಿನ ಪುಡಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ನೋವು ಮಾಯವಾಗಿ, ಎರಡು ತಿಂಗಳಲ್ಲಿ ಮುಖ ಚಂದ್ರನಂತೆ ಉಬ್ಬಿದರೆ, ಅದು ಗುಣವಾದ ಲಕ್ಷಣವಲ್ಲ.

ಈಗ ಮುಂಡರಗಿಯ ವಿಷಯಕ್ಕೆ ಬರುತ್ತೇನೆ. ಈ ತಾಲ್ಲೂಕಿನಲ್ಲಿ ಕೀಲುನೋವು ಮನೆಮನೆಯ ಮಾತು. 2006ರ ಚಿಕೂನ್‌ಗುನ್ಯಾ ಯಾರು ಮರೆತಾರು? ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುಗಳ ಬಿಗಿತ ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಎದ್ದು ಓಡಾಡುತ್ತಿದ್ದ ಹೆಣ್ಣುಮಕ್ಕಳು ಕೂತಲ್ಲೇ ಕೂತರು, ಮೈ ಬಂತು, ಆ ಮೈ ಮತ್ತೆ ಇಳಿಯಲಿಲ್ಲ.

ಅದಕ್ಕಿಂತ ಹಳೆಯದು ನೀರಿನ ಕಾಟ. ಮುಂಡರಗಿ ರಾಜ್ಯದ ಫ್ಲೋರೈಡ್ ಪೀಡಿತ ತಾಲ್ಲೂಕುಗಳಲ್ಲೊಂದು. ಇಲ್ಲಿನ ಬಂಡೆಗಳೊಳಗಿನ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ; ಮಳೆ ಕಡಿಮೆ, ಬಿಸಿಲು ಹೆಚ್ಚು, ಕೊಳವೆಬಾವಿ ಆಳ, ನೀರು ಬಂಡೆಯ ಸಂದಿನಲ್ಲಿ ಬಹುಕಾಲ ನಿಂತು ಅದನ್ನು ಹೀರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲಿನ ಮೇಲೆ ಕಂದು ಗೆರೆ, ಆಮೇಲೆ ಕುತ್ತಿಗೆ, ಬೆನ್ನು, ಮಂಡಿ ಬಿಗಿ. ಬಿಸಿಲಲ್ಲಿ ದುಡಿಯುವವರು ಹೆಚ್ಚು ನೀರು ಕುಡಿಯುತ್ತಾರೆ, ಅವರ ಮೈಗೆ ಹೆಚ್ಚು ಫ್ಲೋರೈಡ್ ಸೇರುತ್ತದೆ. ದುಡಿದವನಿಗೇ ದೊಡ್ಡ ಪೆಟ್ಟು, ಅದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಗ್ರಾಮೀಣ ಅಭಿವೃದ್ಧಿಗೆ ದುಡಿಯುವ ಬೈಫ್ ಸಂಸ್ಥೆ ‘ಸಚೇತನ’ ಯೋಜನೆಯಲ್ಲಿ ಈ ತಾಲ್ಲೂಕಿನ ಮನೆಗಳ ಛಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸಲು ಹೊರಟದ್ದು ಇದೇ ಕಾರಣಕ್ಕೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಈಗ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ, ತುಂಗಭದ್ರೆಯ ನೀರೂ ಹಲವು ಹಳ್ಳಿ ತಲುಪಿದೆ. ಆದರೂ ಹೊಲದಲ್ಲಿ ಬಾಯಾರಿದಾಗ ಹತ್ತಿರದ ಬೋರಿನ ನೀರನ್ನೇ ಕುಡಿಯುವವರಿದ್ದಾರೆ, ಅಡುಗೆಗೆ ಆ ನೀರೇ ಬಳಸುವ ಮನೆಗಳಿವೆ. ಕುದಿಸಿದರೆ ನೀರು ಚಲೋ ಆಗುತ್ತದೆಂಬ ನಂಬಿಕೆ ಇಲ್ಲಿ ತಿರುಗುಮುರುಗು: ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಚಹಾ ಎಲೆ, ಅಡಿಕೆ, ಕಪ್ಪು ಉಪ್ಪು ಇವುಗಳಲ್ಲೂ ಫ್ಲೋರೈಡ್ ಇದೆ.

ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ 2008-09ರಲ್ಲಿ ಶುರುವಾಯಿತು. ಆಶಾ ಕಾರ್ಯಕರ್ತೆಯರೂ ಮಾಡಿಸಬಹುದಾದ ಮೂರು ಸರಳ ಪರೀಕ್ಷೆಗಳು ಅದರಲ್ಲಿವೆ. ಮೊಣಕಾಲು ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತುವುದು; ಗದ್ದವನ್ನು ಎದೆಗೆ ತಾಗಿಸುವುದು; ತೋಳು ಚಾಚಿ, ಮಡಚಿ, ಕೈಯನ್ನು ತಲೆಯ ಹಿಂದಕ್ಕೆ ಒಯ್ಯುವುದು. ಇವು ಆಗದಿದ್ದರೆ ಫ್ಲೋರೋಸಿಸ್ಸೇ ಎಂದಲ್ಲ, ಬಿಗಿತಕ್ಕೆ ಬೇರೆ ಕಾರಣವೂ ಇದ್ದೀತು; ಆದರೆ ಮುಂಡರಗಿಯಲ್ಲಿ ನೀರಿನ ಮೇಲೆ ಮೊದಲ ಅನುಮಾನ ಹೋಗಬೇಕು. ಮೂಳೆಗೆ ಕೂತ ಫ್ಲೋರೈಡನ್ನು ತೆಗೆಯುವ ಔಷಧಿ ಇಲ್ಲ. ಮೊದಲ ಹಂತದಲ್ಲೇ ನೀರು ಬದಲಿಸಿ, ಹಾಲು, ಮೊಸರು, ಸೊಪ್ಪು, ನೆಲ್ಲಿ, ಪೇರಲ, ಲಿಂಬೆ ಹೆಚ್ಚಿಸಿದರೆ ಸುಸ್ತು, ಹೊಟ್ಟೆಯ ತೊಂದರೆ, ನೋವು ಎಷ್ಟೋ ತಗ್ಗುತ್ತವೆ. ಇಂಥವರಿಗೆ ನೀರು ಬದಲಿಸದೆ ವ್ಯಾಯಾಮ ಮಾಡಿಸುವುದು ವ್ಯರ್ಥ. ಬೆವರಿದಷ್ಟೂ ಅದೇ ನೀರನ್ನು ಇನ್ನಷ್ಟು ಕುಡಿಯುತ್ತಾರೆ.

ವ್ಯಾಯಾಮದ ಶುರು ಎಲ್ಲಿಂದ? ಕುರ್ಚಿಯಿಂದ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯ ಮೇಲೆ ಕೂತು, ಕೈಗಳನ್ನು ಎದೆಗೆ ಅಡ್ಡ ಕಟ್ಟಿ, ಎದ್ದು ನಿಂತು ಮತ್ತೆ ಕೂರುವುದು. ಅರ್ಧ ನಿಮಿಷದಲ್ಲಿ ಎಷ್ಟು ಸಲ ಆಗುತ್ತದೆ? ಅರವತ್ತರಿಂದ ಅರವತ್ನಾಲ್ಕರ ಗಂಡಸಿಗೆ 14, ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಗ್ಗಿದೆ, ಬೀಳುವ ಅಪಾಯವಿದೆ ಎಂದು ತಿಳಿಯಬೇಕು. ಪರೀಕ್ಷೆಯೂ ಇದೇ, ಮದ್ದೂ ಇದೇ. ಕೈಯೂರದೆ ಏಳಲು ಆಗದವರು ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರಿಸಿಕೊಳ್ಳಲಿ. ಹೊತ್ತಿಗೆ ಐದು ಸಲ, ದಿನಕ್ಕೆ ಮೂರು ಹೊತ್ತು. ವಾರಕ್ಕೆ ಒಂದೆರಡರಂತೆ ಎಣಿಕೆ ಹೆಚ್ಚಿಸಿ, ಮುಂದೆ ದಿಂಬು ತೆಗೆಯುವುದು. ಒಲೆಯ ಮುಂದೆ ನಿಂತು ರೊಟ್ಟಿ ಬೇಯುವಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸಬಹುದು. ಅಂಗಳದ ಕಟ್ಟೆ ಹತ್ತಿ ಇಳಿಯಬಹುದು. ಅರ್ಧ ತುಂಬಿದ ಕೊಡವನ್ನು ಬೆನ್ನು ನೆಟ್ಟಗಿಟ್ಟು ಎತ್ತಿ ಹತ್ತು ಹೆಜ್ಜೆ ನಡೆಯಬಹುದು. ನಮ್ಮ ಗರಡಿ ಮನೆಗಳಲ್ಲಿ ಹೊಸ ಹುಡುಗನಿಗೆ ಉಸ್ತಾದರು ಮೊದಲ ದಿನವೇ ನೂರು ಬಸ್ಕಿ ಹೊಡೆಸುವುದಿಲ್ಲ. ಎಣಿಕೆ ಏರುವುದು ಮೈ ಒಪ್ಪಿದಂತೆ. ಕಾಯಿಲೆಯಿಂದ ಎದ್ದವರಿಗೂ ಆ ಶಿಸ್ತೇ ಬೇಕು.

ನಡಿಗೆಯಲ್ಲಿ ಜನ ಆತುರ ಪಡುತ್ತಾರೆ. ಆಸ್ಪತ್ರೆಯಿಂದ ಬಂದ ಮರುವಾರವೇ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ಹೋಗಿ, ಮೂರನೇ ದಿನ ಕಾಲು ಊದಿಸಿಕೊಂಡು ಕೂರುತ್ತಾರೆ. ಮೊದಲ ವಾರ ಮನೆಯ ಹತ್ತಿರವೇ ಐದೈದು ನಿಮಿಷ, ದಿನಕ್ಕೆ ಎರಡು ಮೂರು ಬಾರಿ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗದ ಅಳತೆ ಅದು. ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿಗೆ ಎರಡು ಮೂರು ತಿಂಗಳಲ್ಲಿ ತಲುಪಿದರೆ ಸಾಕು. ಇಂದಿನ ನಡಿಗೆ ನಾಳೆ ಎದ್ದೇಳಲಾರದಂಥ ಆಯಾಸ ತಂದರೆ, ವಿಶೇಷವಾಗಿ ಕೋವಿಡ್‌ನಂಥ ಸೋಂಕಿನ ನಂತರ, ಜೋರು ಮಾಡದೆ ಹಿಂದಕ್ಕೆ ಸರಿಯಬೇಕು. ಎದೆನೋವು, ತಲೆಸುತ್ತು, ಕೂತರೂ ಇಳಿಯದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಹೃದಯದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಮುಂಡರಗಿಯ ಚೈತ್ರ-ವೈಶಾಖದ ಬಿಸಿಲಲ್ಲಿ ಬೆಳಿಗ್ಗೆ ಎಂಟರ ಮೇಲೆ ನಡಿಗೆ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜುಮ್ಮೆನ್ನುವವರಿಗೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ, ಎಷ್ಟೋ ಜನ ಬರಿಗಾಲಲ್ಲಿ. ಗುಣವಾದರೆ ಬರುತ್ತೇನೆಂದು ಹರಕೆ ಹೊತ್ತವರೂ ಇರುತ್ತಾರೆ. ಸ್ಪರ್ಶ ಕುಗ್ಗಿದ ಪಾದಕ್ಕೆ ಕಾದ ಡಾಂಬರು ಸುಟ್ಟದ್ದೂ ತಿಳಿಯುವುದಿಲ್ಲ. ಆ ಬೊಬ್ಬೆ ಹುಣ್ಣಾಗಿ ಕಾಲು ಕಳೆದುಕೊಳ್ಳುವವರೆಗೆ ಹೋದೀತು. ಶ್ರೀಶೈಲದ ಮಲ್ಲಯ್ಯ ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ. ಈ ವರ್ಷ ಮೆತ್ತನೆ ಬೂಟು ಹಾಕಿಕೊಂಡು ಊರ ಸುತ್ತ ನಡೆಯಿರಿ.

ಊಟದ ವಿಷಯದಲ್ಲಿ ನಮ್ಮ ಸೀಮೆ ಪುಣ್ಯ ಮಾಡಿದೆ. ತೂಕ ಇಳಿಸುವ ಹೆಸರಿನಲ್ಲಿ ಊರಿಗೆ ಬಂದಿರುವ ಡಬ್ಬಿಯ ಪುಡಿಗಳು ಯಾವುವೂ ಬೇಡ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರು. ಬಿಳಿ ಅಕ್ಕಿಯಲ್ಲಿ ಪ್ರೋಟೀನ್ 8 ಗ್ರಾಂ ಮುಟ್ಟುವುದಿಲ್ಲ, ನಾರು 3 ಗ್ರಾಂ ಕೂಡ ಇಲ್ಲ. ರೇಷನ್ ಅಕ್ಕಿ ಹಸಿವು ನೀಗಿದ್ದು ಸಣ್ಣ ಮಾತಲ್ಲ. ಆದರೆ ಎರಡು ಹೊತ್ತೂ ಅನ್ನ, ತಿಳಿ ಸಾರು ಎಂಬಂತಾದದ್ದು ಕಾಯಿಲೆಯಿಂದ ಎದ್ದವರಿಗೆ ಒಗ್ಗದು. ಅದರಲ್ಲೂ ‘ಹಗುರ ಊಟ’ ಎಂದು ರೋಗಿಗೆ ಅನ್ನ-ಸಾರು, ಬ್ರೆಡ್ಡು, ಬಿಸ್ಕತ್ತು ಮಾತ್ರ ಕೊಡುವ ರೂಢಿ ಖಂಡ ಬೆಳೆಯಲು ಬೇಕಾದ್ದನ್ನೇ ತಪ್ಪಿಸುತ್ತದೆ.

ಹಿರಿಯರಿಗೆ ಕಿಲೋ ತೂಕಕ್ಕೆ ಕನಿಷ್ಠ ಒಂದು ಗ್ರಾಂ ಪ್ರೋಟೀನ್ ಬೇಕು, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಇನ್ನೂ ಹೆಚ್ಚು. ಅರವತ್ತು ಕಿಲೋದವರಿಗೆ ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ. ಇದನ್ನು ನಮ್ಮ ಅಡುಗೆಮನೆಯಲ್ಲೇ ಕೂಡಿಸಿ ನೋಡೋಣ. ದಿನಕ್ಕೆ 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 20. ಹೆಸರು, ಮಡಿಕೆ, ಹುರುಳಿ, ಕಡಲೆ ಯಾವುದಾದರೂ ಸರಿ, ಒಣಗಿದ ತೂಕ 75 ಗ್ರಾಂ, ಅದರಿಂದ 16-17. ಒಂದು ಮುಷ್ಟಿ ಶೇಂಗಾ ಅಥವಾ ಅದರ ಹಿಂಡಿ, 7. ಹಾಲು ಮೊಸರು ಸೇರಿ 300 ಗ್ರಾಂ, 10. ತತ್ತಿ ತಿನ್ನುವವರಿಗೆ ಒಂದು ತತ್ತಿ, 6. ತಿನ್ನದವರು ಝುಣಕದ ಕಡಲೆಹಿಟ್ಟಿನಿಂದ ಅಷ್ಟನ್ನು ತುಂಬಿಸಿಕೊಳ್ಳಬಹುದು. ಲೆಕ್ಕ 60 ಮುಟ್ಟಿತು. ಇಷ್ಟಕ್ಕೂ ಶಕ್ತಿಯ ಲೆಕ್ಕ 1,350 ಕ್ಯಾಲೊರಿ ಆಸುಪಾಸು. ಜೊತೆಗೆ ಪುಂಡಿಪಲ್ಯ, ಮೆಂತೆ, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ಬೇಕಾದಷ್ಟು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕ ಹಿಡಿಯಬಾರದು, ಅವರ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಕಡಿಮೆ ಮಾಡಬೇಕಾದದ್ದು ರೊಟ್ಟಿಯಲ್ಲ, ರೊಟ್ಟಿಯ ಆಚೀಚೆ ಸೇರುವುದು. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಆರು ಸಲ ಕುಡಿದರೆ 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಎಣ್ಣೆಯ ಪ್ರತಿ ಸಣ್ಣ ಚಮಚ 45. ಸಂಜೆಯ ಮಿರ್ಚಿ, ಗಿರ್ಮಿಟ್ ಬಗ್ಗೆ ಗದಗ ಜಿಲ್ಲೆಯವರಿಗೆ ನಾನೇನು ಹೇಳಲಿ? ವಾರಕ್ಕೊಮ್ಮೆ ತಿನ್ನಿ, ದಿನಾ ಬೇಡ.

ಸಕ್ಕರೆ ಕಾಯಿಲೆಯವರಿಗೆ ತೂಕ ಇಳಿಸುವುದರ ಲಾಭ ದೊಡ್ಡದು. 2017ರಲ್ಲಿ ಬ್ರಿಟನ್ನಿನಲ್ಲಿ ವರದಿಯಾದ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನವರು ತೂಕ ಇಳಿಸಿದಾಗ ಒಂದು ವರ್ಷಕ್ಕೆ ನೂರಕ್ಕೆ 46 ಜನರಲ್ಲಿ ಗುಳಿಗೆಯಿಲ್ಲದೆ ಸಕ್ಕರೆ ಸಮಸ್ಥಿತಿಗೆ ಬಂದಿತ್ತು. ಆದರೆ ಅದು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ, ವೈದ್ಯರ ಕಣ್ಣೆದುರು, ಶುರುವಿನಲ್ಲೇ ಮಧುಮೇಹದ ಗುಳಿಗೆ ನಿಲ್ಲಿಸಿ ಮಾಡಿದ್ದು. ಇದನ್ನು ಅರ್ಧ ಕೇಳಿ, ಗ್ಲಿಮಿಪಿರೈಡ್ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಹಾಗೇ ತಗೊಂಡು, ಶ್ರಾವಣ ಸೋಮವಾರದ ಜೊತೆಗೆ ಇನ್ನೆರಡು ಉಪವಾಸ ಸೇರಿಸಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು, ಕಾಯಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಊಟ ತಗ್ಗಿಸುವ ಮುಂಚೆ ಗುಳಿಗೆಯ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳಿ. ಮಧುನಾಶಿನಿಯಂಥ ಎಲೆ ಬಳಸುವವರು ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿ. ಎರಡರ ಬಲ ಕೂಡಿ ಸಕ್ಕರೆ ಇಳಿದೀತು. 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳ ಸುದ್ದಿ ಈಗ ಹಳ್ಳಿಗೂ ಮುಟ್ಟಿದೆ. ತೂಕ ಇಳಿಯುವುದು ನಿಜ. ಇಳಿದದ್ದರಲ್ಲಿ ಖಂಡದ ಪಾಲೂ ಇರುತ್ತದೆ, ಆದ್ದರಿಂದ ಅಲ್ಲಿಯೂ ಕುರ್ಚಿಯ ವ್ಯಾಯಾಮ ತಪ್ಪಿದ್ದಲ್ಲ.

ಕಾಟಾ ಬದಲಿಗೆ ಏನನ್ನು ನಂಬಬೇಕು? ಒಂದು ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ನಮ್ಮ ಜನಕ್ಕೆ ಅಪಾಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಮೈಯನ್ನೇ ಅಳೆದು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ (ಬಿಎಂಐ) ಇಬ್ಬರದೂ ಒಂದೇ, 22.3. ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿದ ಮೈ ನಮ್ಮದು. ಹಾಗಾಗಿ ತೂಕ ಅಲ್ಲೇ ನಿಂತು, ಸೊಂಟ ಎರಡು ಇಂಚು ಇಳಿದು, ಕುರ್ಚಿಯಿಂದ ಏಳುವ ಎಣಿಕೆ ಆರರಿಂದ ಹನ್ನೆರಡಾದರೆ ಅದು ಗೆಲುವು.

ಇನ್ನು ಊರಿನ ಬಾಯಿ. ತೂಕ ಇಳಿಸಿಕೊಂಡವರನ್ನು ಕಂಡ ಕೂಡಲೇ ‘ಯಾಕ್ರೀ, ಭಾಳ ಸೊರಗೀರಲ್ಲ, ಸಕ್ಕರಿ ಹೆಚ್ಚಾತೇನ್ರೀ?’ ಎಂದು ಕೇಳುವವರು ಬೀದಿಗೊಬ್ಬರು. ಆ ಒಂದು ಮಾತಿಗೆ ಹೆದರಿ ಮತ್ತೆ ತುಪ್ಪ-ಸಕ್ಕರೆಗೆ ಮರಳಿದವರಿದ್ದಾರೆ. ಕೇಳುವವರು ದಯವಿಟ್ಟು ‘ನಡಿಗಿ ಗಟ್ಟಿ ಆಗೇತ್ರೀ’ ಎಂದು ಹೇಳಲು ಕಲಿಯಲಿ.

ಹೆಣ್ಣುಮಕ್ಕಳ ಪಾಡು ಬೇರೆ. ‘ದಿನಾ ಕೆಲಸ ಮಾಡ್ತೀನಲ್ರೀ, ಮತ್ತ್ಯಾಕ ನಡೀಲಿ’ ಎನ್ನುತ್ತಾರೆ. ಬೀಸುವ ಕಲ್ಲು ಹೋಗಿ ಗಿರಣಿ ಬಂತು, ಬಾವಿ ಹೋಗಿ ನಳ ಬಂತು, ಕಳೆಗೆ ಔಷಧಿ ಬಂತು. ಒಳ್ಳೆಯದೇ ಆಯಿತು, ಆ ದುಡಿತ ಅವರ ಬೆನ್ನು ಮುರಿಯುತ್ತಿತ್ತು. ಆದರೆ ಅದರ ಜಾಗಕ್ಕೆ ಬೇರೆ ಯಾವ ಚಲನೆಯೂ ಬರಲಿಲ್ಲ, ನಿಂತು ಮಾಡುವ ಮನೆಗೆಲಸ ಮಾತ್ರ ಉಳಿಯಿತು. ಇತ್ತ ಕೂಲಿಗೆ ಹೋಗುವ ಹೆಂಗಸರಿಗೆ ತದ್ವಿರುದ್ಧ ಕಷ್ಟ: ಕಾಯಿಲೆಯಿಂದ ಎದ್ದ ಮರುದಿನವೇ ಇಡೀ ದಿನದ ಕಳೆ. ಅರ್ಧ ದಿನದ ಕೆಲಸಕ್ಕೆ ಕರೆಯುವ ಒಕ್ಕಲು, ಮನೆಯಲ್ಲಿ ನೀರು ತುಂಬುವ ಗಂಡ-ಮಗ ಇದ್ದರೆ ಮಾತ್ರ ಆಕೆ ಚೇತರಿಸಿಕೊಳ್ಳಬಲ್ಲಳು.

ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ಪರೀಕ್ಷಿಸುವ ವ್ಯವಸ್ಥೆಯಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್ ಇದೆ, ಗದಗದ ಮಲ್ಲಸಮುದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ರೋಗ ಪತ್ತೆಗೆ, ಗುಳಿಗೆಗೆ ದಾರಿ ಆಗಿದೆ. ಎದ್ದು ನಡೆಯುವುದನ್ನು ಕಲಿಸಲು ದಾರಿ ಆಗಬೇಕು. ಗುಳಿಗೆ ಕೊಡುವ ದಿನವೇ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ನಾಲ್ಕು ಕುರ್ಚಿ ಹಾಕಿ, ಅರ್ಧ ತಾಸು ಏಳುವುದು-ಕೂರುವುದನ್ನು ಹೇಳಿಕೊಡಲಿ, ಎಣಿಕೆಯನ್ನು ಬಿ.ಪಿ.ಯ ಪಕ್ಕದಲ್ಲೇ ಚೀಟಿಯಲ್ಲಿ ಬರೆಯಲಿ. ಬೋರಿನ ನೀರಿನ ಫ್ಲೋರೈಡ್ ಎಷ್ಟೆಂದು ಪಂಚಾಯ್ತಿ ಗೋಡೆಯ ಮೇಲೆ ಬರೆಸಲಿ. ಮುಂಡರಗಿ ಪುರಸಭೆ ಹೆಣ್ಣುಮಕ್ಕಳು ನಸುಕಿನಲ್ಲೂ ಅಂಜದೆ ನಡೆಯಬಹುದಾದ, ದೀಪವಿರುವ ಒಂದು ಸುತ್ತುದಾರಿಯನ್ನು ಮೀಸಲಿಡಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ನಿಮ್ಮ ವಾರ್ಡಿನ ಸದಸ್ಯರನ್ನು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯನ್ನು ಈ ವಾರವೇ ಕೇಳಿ.